ಹುಲ್ಲು ತಿನ್ನದ ಮೊಲ

ಹುಲಿ ಹಸಿದರೂ ಹುಲ್ಲು ತಿನ್ನದು ಎಂಬ ಗಾದೆ ತನ್ನ ಬಗ್ಗೆಯೇ ಹುಟ್ಟಿದ್ದು ಅಂತ ನಮ್ಮ ಮನೆಯ ಮೊಲ ನಂಬಿಕೊಂಡಿದೆ. ಹೆಸರು ಬೆಣ್ಣೆ. ತೂಕ ಎರಡು ಕಿಲೋ ಚಿಲ್ಲರೆ. ಗತ್ತು ಮಾತ್ರ ಗಂಡಿನ ಕಡೆಯ ಬೀಗರದು. ಏನೇ ಮುಂದಿಟ್ಟರೂ ಮೊದಲು ಮೂಸುತ್ತದೆ, ಆಮೇಲೆ ಇಟ್ಟವರ ಮುಖ ನೋಡುತ್ತದೆ, ಒಪ್ಪಿಗೆಯಾಗದಿದ್ದರೆ ಬೆನ್ನು ತಿರುಗಿಸಿ ಕೂತುಬಿಡುತ್ತದೆ.

ಮಕ್ಕಳು ಹೀಗೆ ಮಾಡಿದರೆ ಹೇಳುವ ಮಾತೊಂದಿದೆಯಲ್ಲ, ‘ಹಸಿದರೆ ತಾನೇ ತಿನ್ನುತ್ತೆ ಬಿಡು’. ಅದು ಮೊಲದ ಹತ್ತಿರ ನಡೆಯುವುದಿಲ್ಲ. ಅದರ ಕರುಳು ನಿಂತ ನೀರಾಗಬಾರದು. ನಾರು ಒಳಗೆ ಹೋಗುತ್ತಲೇ ಇರಬೇಕು. ಅರ್ಧ ದಿನ ಏನೂ ತಿನ್ನದೆ, ಹಿಕ್ಕೆಯನ್ನೂ ಹಾಕದೆ ಮೂಲೆ ಸೇರಿತೆಂದರೆ ನಾಳೆ ನೋಡೋಣ ಎನ್ನುವ ಹಾಗಿಲ್ಲ, ಆಗಲೇ ಡಾಕ್ಟರ ಹತ್ತಿರ ಓಡಬೇಕು. ತಿಂದದ್ದು ಒಗ್ಗದಿದ್ದರೆ ಕಕ್ಕಿ ಹಗುರಾಗೋಣ ಎಂದರೆ ಮೊಲಕ್ಕೆ ವಾಂತಿಯೂ ಬರುವುದಿಲ್ಲ. ಉಪವಾಸ ಸತ್ಯಾಗ್ರಹದಲ್ಲಿ ಯಾವಾಗಲೂ ಅದರದೇ ಗೆಲುವು.

ಅದಕ್ಕೆ ಬೇಕಾದ ಊಟವಾದರೂ ಎಂಥದ್ದು? ಶೇಕಡಾ 80ಕ್ಕೂ ಹೆಚ್ಚು ಪಾಲು ಬರೀ ಒಣಹುಲ್ಲು. ಮೊಲದ ಬಾಯಲ್ಲಿರುವ 28 ಹಲ್ಲುಗಳೂ ಬದುಕಿರುವ ತನಕ ಬೆಳೆಯುತ್ತಲೇ ಇರುತ್ತವೆ. ಹುಲ್ಲನ್ನು ಗಂಟೆಗಟ್ಟಲೆ ಅಡ್ಡಡ್ಡ ಅರೆದರೆ ಮಾತ್ರ ದವಡೆ ಹಲ್ಲು ಸವೆದು ಹದದಲ್ಲಿರುತ್ತದೆ. ಅಂಗಡಿಯಲ್ಲಿ ಸಿಗುವ ಟಿಮೋಥಿ ಹುಲ್ಲು ಹೊರದೇಶದ್ದು, ಕಿಲೋ ಲೆಕ್ಕದಲ್ಲಿ ನಾವು ಉಣ್ಣುವ ಸೋನಾ ಮಸೂರಿಗಿಂತ ಹಲವು ಪಟ್ಟು ತುಟ್ಟಿ. ಅದನ್ನು ತಂದು ಸುರಿದರೆ ಬೆಣ್ಣೆ ಅದರ ಮೇಲೆ ಹಾಯಾಗಿ ಮಲಗಿತು.

ನಮ್ಮಮ್ಮನಿಗಂತೂ ಈ ಪಥ್ಯವೇ ಕಣ್ಣಿಗಾಗದು. ‘ಎರಡು ಹೊತ್ತೂ ಒಣಹುಲ್ಲಾ? ಬಾಯಿ ರುಚಿಗೆ ಒಂದು ಚೂರು ಬೇಡ್ವೇನೋ ಪಾಪ!’ ಎಂದು ಏಲಕ್ಕಿ ಬಾಳೆಹಣ್ಣು ಸುಲಿಯುತ್ತಾಳೆ. ನಮ್ಮ ಕಡೆ ಪ್ರೀತಿಯೆಂದರೆ ಬಡಿಸುವುದು. ಬೇಡ ಎಂದವರ ಎಲೆಗೆ ಇನ್ನೊಂದು ಹೋಳಿಗೆ ಹಾಕುವುದು. ಆ ಲೆಕ್ಕದಲ್ಲಿ ಮೊಲವನ್ನು ಪ್ರೀತಿಸುವುದು ನಮ್ಮ ಜಾಯಮಾನಕ್ಕೇ ಒಗ್ಗದ ಕೆಲಸ. ಸಕ್ಕರೆ ಅಂಶ ಹೆಚ್ಚಾದರೆ ಅದರ ಕರುಳಿನ ಸೂಕ್ಷ್ಮಾಣುಗಳ ಸಂಸಾರವೇ ಹದಗೆಡುತ್ತದೆ. ಕ್ಯಾರೆಟ್ ಕೂಡ ಸಿಹಿತಿಂಡಿಯ ಸಾಲಿಗೇ ಸೇರಬೇಕು. ಅಪರೂಪಕ್ಕೆ ಒಂದು ಬಿಲ್ಲೆ, ಅಷ್ಟೇ. ಮೊಲವೆಂದರೆ ಕ್ಯಾರೆಟ್ ಎಂದು ಲೋಕವೇ ನಂಬುವಂತೆ ಮಾಡಿದ್ದು 1940ರಲ್ಲಿ ತೆರೆಗೆ ಬಂದ ಬಗ್ಸ್ ಬನ್ನಿ. ಆ ಮೊಲಕ್ಕೆ ಹಲ್ಲುನೋವಿಲ್ಲ, ಬರೆದ ಹಲ್ಲು.

ಇಷ್ಟು ಮಡಿವಂತಿಕೆಯ ಪ್ರಾಣಿ ತಾನು ಹಾಕಿದ್ದನ್ನು ತಾನೇ ತಿನ್ನುತ್ತದೆ ಎಂಬುದು ಬೇರೆ ಮಾತು. ದಿನವಿಡೀ ಉದುರಿಸುವ ಒಣ ಗುಂಡು ಹಿಕ್ಕೆಯನ್ನಲ್ಲ. ದ್ರಾಕ್ಷಿ ಗೊಂಚಲಿನಂತೆ ಮೆತ್ತಗೆ ಹೊಳೆಯುವ ಇನ್ನೊಂದು ಬಗೆಯದನ್ನು, ನೆಲಕ್ಕೆ ಬೀಳುವ ಮೊದಲೇ ತಲೆ ಬಗ್ಗಿಸಿ ಬಾಯಿಗೆ ತೆಗೆದುಕೊಳ್ಳುತ್ತದೆ. ಮೊದಲ ಸುತ್ತಿನಲ್ಲಿ ದಕ್ಕದ ಸತ್ವವೆಲ್ಲ ಅದರಲ್ಲಿರುತ್ತದೆ. ಅಂಥ ಬಾಯಿ ಟಿಮೋಥಿ ಹುಲ್ಲಿಗೆ ಮೂಗು ಮುರಿಯುತ್ತದೆ ಎಂದರೆ ಏನು ಹೇಳೋಣ.

ದಾರಿ ತೋರಿಸಿದ್ದು ಗರಿಕೆ. ಗಾಂಧಿಬಜಾರಿನ ಹೂವಿನವಳ ಹತ್ತಿರ ದಿನಾ ಕಟ್ಟು ಕೊಳ್ಳುತ್ತಿದ್ದೆ. ‘ಗಣಪತಿಗೆ ದಿನಾ ಏರಿಸ್ತೀರಾ ಸ್ವಾಮಿ?’ ಎಂದು ಆಕೆ ಭಕ್ತಿಯಿಂದ ಕೇಳಿದಾಗ ಹೌದೆಂದು ತಲೆಯಾಡಿಸಿದೆ. ಸಂಕಷ್ಟಿಯ ದಿನ ಅದರ ಬೆಲೆಯನ್ನೂ ತೆತ್ತೆ. ಮನೆಗೆ ತಂದು ಎರಡು ಸಲ ತೊಳೆದು ಒಂದೆಳೆ ಹಿಡಿದರೆ, ಬೆಣ್ಣೆ ತುದಿಯನ್ನು ಮುಂಬಲ್ಲಿನಲ್ಲಿ ಕಚ್ಚಿ ಒಳಗೆಳೆದುಕೊಳ್ಳುತ್ತದೆ. ಕೆಳದವಡೆ ಎಡಬಲಕ್ಕೆ ಸರಸರ ಓಡಾಡುತ್ತದೆ, ಮೀಸೆ ಅದುರುತ್ತದೆ, ಎಳೆ ಗಿಡ್ಡವಾಗುತ್ತ ಬಂದು ಬೆರಳಿಗೆ ಅದರ ಬಿಸಿ ಉಸಿರು ತಾಕುತ್ತದೆ. ಆ ಗರಿಕೆಯ ನಡುವೆ ಒಂದಿಷ್ಟು ಒಣಹುಲ್ಲು, ಕೊತ್ತಂಬರಿ ಕಡ್ಡಿ, ಪುದೀನ, ಮೂಲಂಗಿ ಸೊಪ್ಪು ಹೊಸೆದು ಇಡುತ್ತ ಬಂದೆ. ವಾರ ಕಳೆದಂತೆ ಒಣಹುಲ್ಲಿನ ಪಾಲು ಏರಿತು. ಅವಸರ ಮಾಡಿದರೆ ಹೊಟ್ಟೆ ಕೆಡುತ್ತದೆ. ಇನ್ನೊಂದು ಗುಟ್ಟು: ಮೊಲಕ್ಕೆ ಹಿಕ್ಕೆ ಹಾಕುತ್ತ ಮೇಯುವುದೆಂದರೆ ಇಷ್ಟ. ಹುಲ್ಲಿನ ಗೂಡೆಯನ್ನು ಅದರ ಕಕ್ಕಸಿನ ಪಕ್ಕಕ್ಕೇ ಸರಿಸಿದ ಮೇಲೆ ಗೂಡೆ ಖಾಲಿಯಾಗತೊಡಗಿತು. ಅಂಗಡಿಯ ಗುಳಿಗೆಯಂಥ ಸಿದ್ಧ ಆಹಾರ, ಅಂದರೆ ಪೆಲೆಟ್ಟು, ಈಗ ಅಳತೆ ಚಮಚದಲ್ಲಿ ಮಾತ್ರ.

ಅಮ್ಮ ಕೂಡ ರಾಜಿಯಾಗಿದ್ದಾಳೆ, ತನ್ನದೇ ರೀತಿಯಲ್ಲಿ. ಹುಲ್ಲು ಬಿಟ್ಟು ಬೇರೇನೂ ಕೊಡಬಾರದೆಂದು ಹೇಳಿದ್ದಕ್ಕೆ, ಉಗುರಿನಷ್ಟು ಬಾಳೆಹಣ್ಣನ್ನು ಕಿವುಚಿ ಹುಲ್ಲಿನ ರಾಶಿಯ ಅಡಿಗೆ ತುರುಕಿ ಇಟ್ಟಿದ್ದಳು. ಕೇಳಿದರೆ, ‘ಹುಲ್ಲಿನ ಜೊತೆಗೇ ಕೊಟ್ಟಿದ್ದೀನಿ ಕಣೋ’. ಬೆಣ್ಣೆ ರಾಶಿಯನ್ನು ಕೆದಕಿ ಕೆದಕಿ ಹಣ್ಣು ಹುಡುಕಿತು. ಹಣ್ಣಿಗೆ ಅಂಟಿಕೊಂಡ ನಾಲ್ಕೆಳೆ ಟಿಮೋಥಿಯೂ ಹೊಟ್ಟೆಗೆ ಹೋಯಿತು. ಅಮ್ಮ ಅದನ್ನೂ ತನ್ನ ಲೆಕ್ಕಕ್ಕೇ ಬರೆದುಕೊಂಡಳು.