ಬನಶಂಕರಿಯ ಹೊಂಡದಲ್ಲಿ ಒಂದು ತೆಪ್ಪ

ಬಾದಾಮಿಯಿಂದ ಬನಶಂಕರಿಗೆ ಐದು ಕಿಲೋಮೀಟರ್. ಬನದ ಹುಣ್ಣಿಮೆಯ ಜಾತ್ರೆಯಲ್ಲಿ ಮಾತ್ರ ಆ ಐದು ಕಿಲೋಮೀಟರ್ ದಾಟಲು ಒಂದೂವರೆ ತಾಸು ಬೇಕು. ಟ್ರ್ಯಾಕ್ಟರಿನಲ್ಲಿ ಬರುವವರು, ಚಕ್ಕಡಿ ಕಟ್ಟಿಕೊಂಡು ಬರುವವರು, ನಸುಕಿನಲ್ಲೇ ಮನೆ ಬಿಟ್ಟು ನಡೆದೇ ಬರುವವರು, ಎಲ್ಲರೂ ಅದೇ ರಸ್ತೆಗೆ ಸೇರುತ್ತಾರೆ. ಈ ಸಲ ನಾವು ಆರು ಜನ ಹೋಗಿದ್ದೆವು: ನಾನು, ನನ್ನಾಕೆ, ಮಗ, ಸೊಸೆ, ಒಂಬತ್ತು ವರ್ಷದ ಮೊಮ್ಮಗಳು ಮತ್ತು ಐದು ತಿಂಗಳ ಮೊಮ್ಮಗ. ಹೋಗಿದ್ದೇ ಆ ಕೊನೆಯವನ ಸಲುವಾಗಿ. ಅವನನ್ನು ತೆಪ್ಪದಲ್ಲಿ ಕೂರಿಸುವ ಹರಕೆ ಇತ್ತು.

ಬನಶಂಕರಿ ಚಾಲುಕ್ಯರ ಕುಲದೇವಿ. ಸಿಂಹದ ಮೇಲೆ ಕುಳಿತ ಎಂಟು ಕೈಗಳ ತಾಯಿ. ಶಾಕಂಬರಿ ಎಂತಲೂ ಕರೆಯುತ್ತಾರೆ. ಹಾಗಾಗಿಯೇ ಜಾತ್ರೆಯಲ್ಲಿ ಪಲ್ಯೇದ ಹಬ್ಬವೆಂದು 108 ಬಗೆಯ ತರಕಾರಿಯ ನೈವೇದ್ಯ. ಗುಡಿಯ ಮುಂದಿನ ಹೊಂಡಕ್ಕೆ ಹರಿದ್ರಾ ತೀರ್ಥ ಎಂದು ಹೆಸರು. ಒಂದೊಂದು ಬದಿಯೂ 360 ಅಡಿ, ಸುತ್ತ ಕಲ್ಲಿನ ಮಂಟಪಗಳ ಸಾಲು, ಪಕ್ಕದಲ್ಲಿ ದೀಪಸ್ತಂಭ. ಮಳೆ ಕೈಕೊಟ್ಟ ವರ್ಷ ನೀರು ತಳ ಸೇರಿರುತ್ತದೆ. ಈ ಸಲ ಚೆನ್ನಾಗಿ ತುಂಬಿತ್ತು.

ಆ ಹೊಂಡದಲ್ಲಿ ಜಾತ್ರೆಯ ಹೊತ್ತಿಗೆ ಬಾಳೆದಿಂಡಿನ ತೆಪ್ಪ ಇಳಿಯುತ್ತದೆ. ಎಳೆಗೂಸುಗಳನ್ನು ಅದರ ಮೇಲಿಟ್ಟು ನೀರಿನಲ್ಲಿ ಕರೆದೊಯ್ದರೆ ಮಗುವಿಗೆ ಒಳ್ಳೆಯದಾಗುತ್ತದೆ ಎಂಬ ನಂಬಿಕೆ. ನನ್ನ ಸೊಸೆ ಬೆಂಗಳೂರಿನಲ್ಲಿ ಬೆಳೆದವಳು. ತೆಪ್ಪ ನೋಡಿದ ಕೂಡಲೇ ಅವಳ ಮುಖದ ಬಣ್ಣ ಬದಲಾಯಿತು. "ಮಾವಾ, ಇದು ಸೇಫಾ?" ಎಂದಳು.

ಮೂವತ್ತೈದು ವರ್ಷ ಬ್ಯಾಂಕಿನ ಕೌಂಟರಿನಲ್ಲಿ ಕುಳಿತವನಿಗೆ ಹೌದು ಅಥವಾ ಇಲ್ಲ ಎಂದು ಥಟ್ಟನೆ ಹೇಳುವ ಅಭ್ಯಾಸವಿಲ್ಲ. ನೋಡೋಣ ಎಂದು ಮೆಟ್ಟಿಲಿಳಿದು ಹೋದೆ.

ತೆಪ್ಪದವನು ಅರವತ್ತರ ಆಸುಪಾಸಿನ ಮನುಷ್ಯ, ಸೊಂಟದ ಮಟ್ಟ ನೀರಿನಲ್ಲಿ ನಿಂತಿದ್ದ. ಆಚೆ ಈಚೆ ಇಬ್ಬಿಬ್ಬರು ಹುಡುಗರು ತೆಪ್ಪ ಹಿಡಿದಿದ್ದರು. ಆತ ಪ್ರತಿ ಸಲವೂ ಮಗುವನ್ನು ಇಡುವ ಮುಂಚೆ ಒಂದು ಕಾಲನ್ನು ತೆಪ್ಪದ ಮೇಲಿಟ್ಟು ಒತ್ತಿ, ಬಗ್ಗಿ ಏನನ್ನೋ ನೋಡುತ್ತಿದ್ದ. ಏನದು ಎಂದು ಕೇಳಿದೆ. ದಿಂಡುಗಳನ್ನು ಬಿಗಿದ ಹಗ್ಗದ ಗಂಟನ್ನು ತೋರಿಸಿದ. "ಈ ಗಂಟು ನೀರಾಗ ಮುಳುಗಬಾರದ್ರಿ. ಮುಂಜಾನಿ ಎರಡು ಕೂಸು ತಡೀತಿತ್ತು. ಈಗ ದಿಂಡು ನೀರು ಕುಡದಾವ, ಒಂದ ಕೂಸು." ಅಷ್ಟರಲ್ಲಿ ಯಾರೋ ತಮ್ಮ ಮಗುವನ್ನೂ ಅದೇ ತೆಪ್ಪಕ್ಕೆ ಏರಿಸಲು ಮುಂದೆ ಚಾಚಿದರು. "ತಡೀರಿ, ಆಮ್ಯಾಲೆ" ಎಂದು ಗದರಿದ. ಅವರು ಎಷ್ಟು ಕೇಳಿಕೊಂಡರೂ ಬಗ್ಗಲಿಲ್ಲ.

ಬಾಳೆದಿಂಡನ್ನು ಅಡ್ಡ ಕತ್ತರಿಸಿ ನೋಡಿದ ಮಕ್ಕಳಿಗೆ ಗೊತ್ತಿರುತ್ತದೆ, ಒಳಗೆಲ್ಲ ಜೇನುಗೂಡಿನಂಥ ಸಣ್ಣ ಸಣ್ಣ ಕೋಣೆಗಳು. ಅವುಗಳಲ್ಲಿ ಗಾಳಿ ಇರುವವರೆಗೆ ದಿಂಡು ತೇಲುತ್ತದೆ. ನೀರು ಒಳಗಿಳಿಯುತ್ತ ಹೋದಂತೆ ಭಾರ ಹೊರುವ ಶಕ್ತಿ ಕಡಿಮೆಯಾಗುತ್ತದೆ. ತೆಪ್ಪದವನು ಇದನ್ನು ಯಾವ ಪುಸ್ತಕದಲ್ಲೂ ಓದಿರಲಿಕ್ಕಿಲ್ಲ. ಆದರೆ ಅವನ ಹಗ್ಗದ ಗಂಟು ಜಗತ್ತಿನ ಎಲ್ಲ ದೊಡ್ಡ ಸರಕು ಹಡಗುಗಳ ಮೇಲೂ ಇದೆ.

ಕಾರವಾರದಲ್ಲೋ ಮಂಗಳೂರಿನಲ್ಲೋ ಹಡಗನ್ನು ಹತ್ತಿರದಿಂದ ನೋಡುವ ಅವಕಾಶ ಸಿಕ್ಕರೆ ಅದರ ಪಕ್ಕೆಯ ನಡುಭಾಗವನ್ನು ಗಮನಿಸಿ. ಒಂದು ವೃತ್ತ, ಅದರ ನಡುವೆ ಅಡ್ಡಗೆರೆ, ಪಕ್ಕದಲ್ಲಿ ಏಣಿಯ ಹಾಗೆ ಕೆಲವು ಗೆರೆಗಳಿರುತ್ತವೆ. ಇದಕ್ಕೆ ಪ್ಲಿಮ್ಸಾಲ್ ಗೆರೆ ಎನ್ನುತ್ತಾರೆ. ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ಕೆಲವು ಮಾಲೀಕರು ಹಳೆಯ ಹಡಗಿಗೆ ಭಾರಿ ವಿಮೆ ಮಾಡಿಸಿ, ಮಿತಿ ಮೀರಿ ಸರಕು ತುಂಬಿ ಕಳಿಸುತ್ತಿದ್ದರು. ಮುಳುಗಿದರೂ ಅವರಿಗೆ ನಷ್ಟವಿಲ್ಲ, ಸಾಯುವವರು ನಾವಿಕರು. ಇಂಥವನ್ನು ಶವಪೆಟ್ಟಿಗೆ ಹಡಗುಗಳು ಎಂದೇ ಜನ ಕರೆದರು. ಸ್ಯಾಮ್ಯುಯೆಲ್ ಪ್ಲಿಮ್ಸಾಲ್ ಎಂಬ ಸಂಸದ ಹಟ ಹಿಡಿದು ಹೋರಾಡಿದ ಮೇಲೆ 1876ರಲ್ಲಿ ಈ ಗೆರೆ ಕಡ್ಡಾಯವಾಯಿತು. ಆದರೆ ಗೆರೆಯನ್ನು ಎಲ್ಲಿ ಎಳೆಯಬೇಕೆಂದು ಮೊದಮೊದಲು ಮಾಲೀಕರೇ ನಿರ್ಧರಿಸುತ್ತಿದ್ದರು! ಸಾಲಗಾರನೇ ತನ್ನ ಸಾಲದ ಮಿತಿಯನ್ನು ಬರೆದುಕೊಂಡಂತೆ. ಅದನ್ನು ಸರಿಪಡಿಸಲು ಇನ್ನೂ ಹಲವು ವರ್ಷ ಬೇಕಾದವು.

ಗೆರೆಗಳು ಹಲವು ಯಾಕೆ ಎಂದು ಮೊಮ್ಮಗಳು ಕೇಳಿದಳು. ಉಪ್ಪುನೀರು ಸಿಹಿನೀರಿಗಿಂತ ಹೆಚ್ಚು ಎತ್ತಿ ಹಿಡಿಯುತ್ತದೆ. ಎರಡು ಲೋಟ ನೀರು ತೆಗೆದುಕೊಂಡು ಒಂದಕ್ಕೆ ಮೂರು ನಾಲ್ಕು ಚಮಚ ಉಪ್ಪು ಕದಡಿ, ಎರಡರಲ್ಲೂ ಕೋಳಿಮೊಟ್ಟೆ ಬಿಟ್ಟು ನೋಡಿ, ಗೊತ್ತಾಗುತ್ತದೆ. ಅದೇ ಹಡಗು ಕಡಲಿನಿಂದ ನದಿಗೆ ಬಂದರೆ ಸ್ವಲ್ಪ ಹೆಚ್ಚು ಮುಳುಗುತ್ತದೆ. ಬೇಸಿಗೆಗೊಂದು ಗೆರೆ, ಚಳಿಗಾಲದ ಒರಟು ಕಡಲಿಗೆ ಇನ್ನೊಂದು.

ಇದನ್ನೆಲ್ಲ ನಾನು ಕಲಿತದ್ದು ಕಾರವಾರದಲ್ಲಿ. ಅಲ್ಲಿಗೆ ವರ್ಗವಾಗುವವರೆಗೆ ಮಲಪ್ರಭೆಯ ಹರಿಗೋಲು ಬಿಟ್ಟರೆ ಬೇರೆ ದೋಣಿ ಕಂಡವನಲ್ಲ. ಅಲ್ಲಿದ್ದಾಗಲೇ, 2006ರ ಮೇ 30ರಂದು, ಓಷನ್ ಸೆರಯಾ ಎಂಬ ಹಡಗು ಊರಿನ ಎದುರಿನ ಆಯ್ಸ್ಟರ್ ರಾಕ್ ದ್ವೀಪದ ಬಳಿ ಬಂಡೆಗೆ ಸಿಕ್ಕಿಕೊಂಡಿತು. ಆ ದ್ವೀಪದ ಮೇಲೆ ಬ್ರಿಟಿಷರ ಕಾಲದ ದೀಪಸ್ತಂಭವಿದೆ. ದೀಪವಿದ್ದೂ ಹೀಗಾಯಿತು. ಮುಂಗಾರಿನ ಅಲೆಗಳ ಹೊಡೆತಕ್ಕೆ ಹಡಗು ಒಡೆದು ಎಣ್ಣೆ ಹೊರಬಂತು, ಸುಮಾರು 650 ಟನ್. ಹತ್ತು ಟನ್ನಿನ ಲಾರಿಗಳಾದರೆ 65 ಲಾರಿ. ಗಮನಿಸಬೇಕಾದ್ದು ಏನೆಂದರೆ, ಅದು ಎಣ್ಣೆ ಸಾಗಿಸುವ ಹಡಗೇ ಅಲ್ಲ. ಚೆಲ್ಲಿದ್ದು ಅದರ ಸ್ವಂತ ಎಂಜಿನ್ನಿನ ಇಂಧನ.

ಬೆಳಿಗ್ಗೆ ವಾಕಿಂಗಿಗೆ ಹೋದವನ ಚಪ್ಪಲಿಗೆ ಡಾಂಬರಿನಂಥದ್ದು ಮೆತ್ತಿಕೊಂಡಿತು. ಸೀಮೆಎಣ್ಣೆಯಿಂದ ಒರೆಸಿದರೂ ಹೋಗಲಿಲ್ಲ. ಚಪ್ಪಲಿಯನ್ನು ಎಸೆಯಬಹುದು, ಮರಳನ್ನು ಎಸೆಯಲಾದೀತೇ? ಎಣ್ಣೆ ದಕ್ಷಿಣ ಗೋವಾದ ತೀರದವರೆಗೂ ಹರಡಿತು. ನಮ್ಮ ಬ್ಯಾಂಕಿಗೆ ಮೀನು ಮಾರಿ ಬಂದ ಹಣ ಕಟ್ಟುವ ಹೆಣ್ಣುಮಕ್ಕಳು ಬರುತ್ತಿದ್ದರು. ನೋಟುಗಳಿಗೆ ಯಾವಾಗಲೂ ಮೀನಿನ ವಾಸನೆ. ಆ ದಿನಗಳಲ್ಲಿ ಅವರು ಬರುವುದು ಕಡಿಮೆಯಾಯಿತು. ಬಂದವರು ಹಣ ಕಟ್ಟಲು ಬರಲಿಲ್ಲ, ತೆಗೆಯಲು ಬಂದರು. ಆ ವಾಸನೆಗೆ ಮೂಗು ಸಿಂಡರಿಸುತ್ತಿದ್ದವನು ನಾನು. ಅದು ಇಲ್ಲದಾಗ ಕೌಂಟರು ಬಣಬಣ ಎನ್ನಿಸಿತು.

ಆದರೆ ಅಂದು ತೆಪ್ಪದ ಮುಂದೆ ನಿಂತಾಗ ನನ್ನ ಕಾಲು ಹಿಂದೆಗೆದದ್ದು ಇದನ್ನು ನೆನೆದು ಅಲ್ಲ. ಅದೇ ವರ್ಷದ ಜನವರಿಯ ಇನ್ನೊಂದು ಸಂಗತಿ.

ಕಾರವಾರದ ಎದುರು ಕಡಲಲ್ಲಿ ಕೂರ್ಮಗಡ ಎಂಬ ಆಮೆಯಾಕಾರದ ದ್ವೀಪವಿದೆ. ಅಲ್ಲಿನ ನರಸಿಂಹ ದೇವರ ಜಾತ್ರೆಯೂ ಪುಷ್ಯ ಹುಣ್ಣಿಮೆಗೇ, ಅಂದರೆ ನಮ್ಮ ಬನದ ಹುಣ್ಣಿಮೆಯ ದಿನವೇ. ಬನಶಂಕರಿಗೆ ಹೋಗಲಾಗದ ಬೇಸರಕ್ಕೆ ಹೆಂಡತಿಯನ್ನೂ ಆಗ ಪಿಯುಸಿ ಓದುತ್ತಿದ್ದ ಮಗನನ್ನೂ ಕರೆದುಕೊಂಡು ಮೀನುಗಾರಿಕೆಯ ದೋಣಿಯೊಂದನ್ನು ಹತ್ತಿದೆ. ಜನ ಕಿಕ್ಕಿರಿದಿದ್ದರು. ಕಾಳಿ ನದಿ ಕಡಲು ಸೇರುವ ಅಳಿವೆಯಲ್ಲಿ ನದಿಯ ಸೆಳೆತವೂ ಕಡಲಿನ ಅಲೆಯೂ ಎದುರುಬದುರಾಗಿ ದೋಣಿ ಒಮ್ಮೆ ಪೂರ್ತಿ ವಾಲಿತು. ಹೆಂಗಸರು ಚೀರಿದರು, ಆಮೇಲೆ ನಕ್ಕರು. ನಾವೂ ನಕ್ಕೆವು. ದೇವರ ದರ್ಶನವಾಯಿತು, ಸಂಜೆ ಮನೆಗೆ ಬಂದೆವು. ಒಂದು ಕಟ್ಟು ನೋಟನ್ನು ಎರಡು ಸಲ ಎಣಿಸದೆ ಮುಟ್ಟದ ನಾನು, ದೋಣಿಯಲ್ಲಿ ಎಷ್ಟು ತಲೆಗಳಿವೆ ಎಂದು ಒಂದು ಸಲವೂ ಎಣಿಸಲಿಲ್ಲ. ಜೀವರಕ್ಷಕ ಜಾಕೆಟ್ ಇದೆಯೇ ಎಂದು ಕೇಳಲೂ ಇಲ್ಲ. ಕೇಳಿದರೆ ಅಂಜುಬುರುಕ ಎಂದಾರು ಎಂಬ ಸಂಕೋಚ.

2019ರ ಜನವರಿ 21, ಮತ್ತೆ ಬನದ ಹುಣ್ಣಿಮೆ. ನಾವು ಬನಶಂಕರಿ ಜಾತ್ರೆಯಲ್ಲಿದ್ದೆವು. ನಾಟಕದ ಟೆಂಟಿನ ಮುಂದೆ ಟಿಕೀಟಿಗೆ ನಿಂತಾಗ ಮಗನ ಮೊಬೈಲಿಗೆ ಸುದ್ದಿ ಬಂತು. ಕೂರ್ಮಗಡದ ಜಾತ್ರೆ ಮುಗಿಸಿ ಮರಳುತ್ತಿದ್ದ ದೋಣಿ ಮಗುಚಿತ್ತು. ಸತ್ತವರ ಸಂಖ್ಯೆ ಕೊನೆಗೆ 16ಕ್ಕೆ ನಿಂತಿತು. ಅವರಲ್ಲಿ ಹಾವೇರಿ ಜಿಲ್ಲೆಯ ಒಂದೇ ಕುಟುಂಬದ ಹಲವರಿದ್ದರು, ಮಕ್ಕಳೂ ಇದ್ದರು. ನಮ್ಮಂತೆಯೇ ಬಯಲುಸೀಮೆಯಿಂದ ಹೋದವರು. ದೋಣಿಯಲ್ಲಿ ಅಳತೆ ಮೀರಿ ಜನರಿದ್ದರೆಂದು ಪತ್ರಿಕೆಗಳು ಬರೆದವು. ಮಗ ಮೊಬೈಲನ್ನು ನನ್ನ ಕೈಗೆ ಕೊಟ್ಟು ಸುಮ್ಮನೆ ನಿಂತ. ನಾಟಕ ನೋಡದೆ ವಾಪಸಾದೆವು. ಅವನೂ ನಾನೂ ಆ ಹಳೆಯ ಪ್ರಯಾಣದ ಬಗ್ಗೆ ಇವತ್ತಿನವರೆಗೂ ಮಾತಾಡಿಲ್ಲ.

ಬ್ಯಾಂಕಿನಲ್ಲಿ ಬಡ್ಡಿ ಎಂದರೆ ಅಸಲು, ದರ, ಅವಧಿಗಳ ಗುಣಾಕಾರ. ಅಪಾಯಕ್ಕೂ ಅಂಥದ್ದೇ ಲೆಕ್ಕವಿದೆಯೆಂದು ಆಮೇಲೆ ಓದಿ ತಿಳಿದೆ. ಕೆಡುಕು ಎಷ್ಟು ಸಲ ಆಗಬಹುದು ಎನ್ನುವುದು ಒಂದು ಅಂಕಿ, ಆದರೆ ಎಷ್ಟು ನಷ್ಟ ಎನ್ನುವುದು ಇನ್ನೊಂದು, ಎರಡನ್ನೂ ಗುಣಿಸಬೇಕು. ಬಂದರು, ಹಡಗು, ಹಡಗುಮಾರ್ಗಗಳ ಸುರಕ್ಷತೆಯನ್ನು ಅಳೆಯುವವರು ಮಾಡುವುದೂ ಮೂಲದಲ್ಲಿ ಇದನ್ನೇ. ಇಷ್ಟು ವರ್ಷ ಏನೂ ಆಗಿಲ್ಲ ಎಂದು ನಾವು ಮೊದಲ ಅಂಕಿಯನ್ನು ಸೊನ್ನೆ ಎಂದು ಬರೆದುಬಿಡುತ್ತೇವೆ. ಸೊನ್ನೆಯಿಂದ ಏನನ್ನು ಗುಣಿಸಿದರೂ ಸೊನ್ನೆಯೇ. 2006ರಲ್ಲಿ ನಾನು ಮಾಡಿದ ತಪ್ಪು ಲೆಕ್ಕ ಅದು.

ಎರಡನೆಯ ಅಂಕಿ ಎಷ್ಟು ದೊಡ್ಡದಾಗಬಲ್ಲದು ಎಂಬುದಕ್ಕೆ 2025ರ ಮೇ ಸಾಕ್ಷಿ. ವಿಳಿಂಜಂನಿಂದ ಕೊಚ್ಚಿಗೆ ಹೊರಟಿದ್ದ ಎಂಎಸ್‌ಸಿ ಎಲ್ಸಾ 3 ಎಂಬ ಹಡಗು ಕೇರಳದ ತೀರದಾಚೆ ವಾಲಿ, ಮೇ 25ರಂದು ಮುಳುಗಿತು. ಸಿಬ್ಬಂದಿ 24 ಜನರೂ ಬದುಕಿದರು. ಆದರೆ ಹಡಗಿನಲ್ಲಿ 640 ಕಂಟೇನರುಗಳು, 367 ಟನ್ ಫರ್ನೇಸ್ ಎಣ್ಣೆ, 84 ಟನ್ ಡೀಸೆಲ್. 12 ಕಂಟೇನರುಗಳಲ್ಲಿದ್ದದ್ದು ಕ್ಯಾಲ್ಸಿಯಂ ಕಾರ್ಬೈಡ್. ನನ್ನ ವಯಸ್ಸಿನವರಿಗೆ ಈ ಹೆಸರು ಹೊಸದಲ್ಲ. ನಾನು ಚಿಕ್ಕವನಿದ್ದಾಗ ಇದೇ ಬನಶಂಕರಿ ಜಾತ್ರೆಯಲ್ಲಿ ಬಳೆ ಅಂಗಡಿ, ಮಂಡಕ್ಕಿ ಅಂಗಡಿಗಳ ಮುಂದೆ ಕಾರ್ಬೈಡ್ ದೀಪ ಉರಿಯುತ್ತಿತ್ತು. ಡಬ್ಬಿಯೊಳಗಿನ ಕಾರ್ಬೈಡ್ ಹರಳಿನ ಮೇಲೆ ನೀರು ತೊಟ್ಟಿಕ್ಕಿದರೆ ಅಸಿಟಿಲೀನ್ ಅನಿಲ ಹುಟ್ಟುತ್ತದೆ. ಬೆಳ್ಳುಳ್ಳಿಯಂಥ ಘಾಟು, ಬೆಳ್ಳನೆಯ ಉರಿ. ಒಂದು ಹಿಡಿ ಹರಳು ಒಂದು ಅಂಗಡಿಗೆ ಬೆಳಕು. ಕಂಟೇನರುಗಟ್ಟಲೆ ಹರಳು, ಸುತ್ತ ಕಡಲಷ್ಟು ನೀರು! ತೀರಕ್ಕೆ ತೇಲಿಬಂದ ಪೆಟ್ಟಿಗೆಗಳ ಹತ್ತಿರ ಸುಳಿಯಬೇಡಿ ಎಂದು ಕೇರಳದಲ್ಲಿ ಡಂಗುರ ಸಾರಿದ್ದು ಸುಮ್ಮನೆ ಅಲ್ಲ. ತಿರುವನಂತಪುರದ ಕಡೆ ಮರಳಿನ ಮೇಲೆ ಸಾಬುದಾಣಿಯಂಥ ಪ್ಲಾಸ್ಟಿಕ್ ಕಾಳುಗಳು ಬಂದು ಬಿದ್ದವು. ಮೀನು ಅದನ್ನು ಆಹಾರವೆಂದು ನುಂಗುತ್ತದೆ. ಮರಳಿನಿಂದ ಒಂದೊಂದೇ ಕಾಳು ಆರಿಸುವುದು ಎಂಥ ಕೆಲಸವೆಂದು ಅಕ್ಕಿಯ ಕಲ್ಲು ಆರಿಸಿದ ತಾಯಂದಿರಿಗೆ ಹೇಳಬೇಕಿಲ್ಲ.

ನಮ್ಮ ಕಡಲೂ ಖಾಲಿಯಿಲ್ಲ. 2021ರ ಏಪ್ರಿಲಿನಲ್ಲಿ ಮಂಗಳೂರಿನಿಂದ ದೂರದ ಕಡಲಲ್ಲಿ ಮೀನುಗಾರಿಕಾ ದೋಣಿಗೂ ವಿದೇಶಿ ಸರಕು ಹಡಗಿಗೂ ಡಿಕ್ಕಿಯಾಯಿತು. ದೋಣಿಯಲ್ಲಿದ್ದ 14 ಜನರಲ್ಲಿ ಜೀವಂತ ಸಿಕ್ಕವರು ಇಬ್ಬರೇ. ಅದಕ್ಕೂ ಮುಂಚೆ, 2020ರ ಆಗಸ್ಟಿನಿಂದಲೇ, ನೈಋತ್ಯ ಕಡಲಿನಲ್ಲಿ ಸರಕು ಹಡಗುಗಳಿಗೂ ಮೀನುದೋಣಿಗಳಿಗೂ ಬೇರೆ ಬೇರೆ ದಾರಿ ಎಂದು ಸರಕಾರ ಗೊತ್ತುಮಾಡಿತ್ತು. ಕಡಲ ಮೇಲೆ ಬಿಳಿಪಟ್ಟೆ ಎಳೆಯಲಾಗುವುದಿಲ್ಲವಲ್ಲ, ದಾರಿ ಇರುವುದು ನಕ್ಷೆಯ ಮೇಲೆ.

ಹೊಂಡದ ಮೆಟ್ಟಿಲಿಗೆ ಮರಳುತ್ತೇನೆ. ಸೊಸೆಗೆ ನನ್ನ ಲೆಕ್ಕ ಒಪ್ಪಿಸಿದೆ: ತೆಪ್ಪ ವಾಲುವುದು ಸಾಧ್ಯ, ಮೊದಲ ಅಂಕಿ ಸೊನ್ನೆಯಲ್ಲ, ಆದರೆ ನೀರು ಸೊಂಟದಷ್ಟು, ಹಿಡಿಯಲು ನಾಲ್ವರು, ಗಂಟು ನೋಡುವವನೊಬ್ಬ. ಅವಳು ಸ್ವಲ್ಪ ಹೊತ್ತು ಯೋಚಿಸಿ, ತನ್ನ ಗಂಡನೂ ನೀರಿಗಿಳಿದು ತೆಪ್ಪದ ಪಕ್ಕದಲ್ಲೇ ಬರಬೇಕು ಎಂದಳು. ನನಗೆ ಹೊಳೆಯದ ಷರತ್ತು ಅದು. ಮಗ ಪ್ಯಾಂಟು ಮಡಚಿ ಇಳಿದ. ತೆಪ್ಪದವನು ಕಾಲಿಟ್ಟು ಒತ್ತಿ ನೋಡಿ, ಕೂಸನ್ನು ಇಡಿ ಎಂದ. ಕೂಸು ಅಳಲಿಲ್ಲ, ಮೇಲಿನ ಆಕಾಶ ನೋಡುತ್ತ ಮಲಗಿತ್ತು. ಅಳುವ ಹಾಗೆ ಆದದ್ದು ದಡದಲ್ಲಿದ್ದ ನನಗೆ. ನನ್ನ ಮಗ ಒಂದು ಕೈಯನ್ನು ಕೂಸಿನ ಎದೆಯ ಮೇಲಿಟ್ಟುಕೊಂಡೇ ಇಡೀ ದೂರ ನಡೆದ.

ಆಮೇಲೆ ಗುಡಿಯ ಹತ್ತಿರ ಬುಟ್ಟಿ ಇಟ್ಟುಕೊಂಡು ಕುಳಿತ ಅಜ್ಜಿಯರ ಬಳಿ ಜೋಳದ ರೊಟ್ಟಿ, ಕೆಂಪು ಚಟ್ನಿ, ಗಟ್ಟಿ ಮೊಸರು ಕಟ್ಟಿಸಿಕೊಂಡು ರಸ್ತೆಗೆ ಬಂದೆವು. ಬಾದಾಮಿಗೆ ಹೊರಟ ಟೆಂಪೊ ನಿಂತಿತ್ತು. ಹತ್ತಿ ಕುಳಿತೆವು. ಇನ್ನೂ ಹತ್ತಿಸುತ್ತಲೇ ಇದ್ದರು, ಇಬ್ಬರು ಹಿಂದಿನ ಏಣಿಗೆ ಜೋತುಬಿದ್ದರು. ಮೊಮ್ಮಗಳು ಬೆರಳು ಮಡಚುತ್ತ ಎಣಿಸುತ್ತಿದ್ದಳು. "ಅಜ್ಜಾ, ಇಪ್ಪತ್ತಮೂರು. ಇದರ ಗಂಟು ಎಲ್ಲೈತಿ?"

ಆರೂ ಜನ ಇಳಿದೆವು. ಕ್ಲೀನರು ಏನೋ ಗೊಣಗಿದ. ಮುಂದಿನ ಬಸ್ಸಿಗೆ ಮುಕ್ಕಾಲು ತಾಸು ಕಾಯಬೇಕಾಯಿತು. ರೊಟ್ಟಿ ಅಲ್ಲಿಯೇ ಖಾಲಿಯಾಯಿತು.