ಹ್ಯಾಂಡಲ್ ಹೊಡೆದ ಕೈಯಲ್ಲಿ ರಿಮೋಟ್ ಕೀ

ಸಾವನದುರ್ಗದ ಬುಡದಲ್ಲಿ, ವೀರಭದ್ರಸ್ವಾಮಿ ಗುಡಿಯ ಹತ್ತಿರ, ಹೊಸ ಕಾರಿನ ಪೂಜೆ ಆಗಷ್ಟೇ ಮುಗಿದಿತ್ತು. ಚಕ್ರದಡಿಯ ನಿಂಬೆಹಣ್ಣುಗಳು ಅಪ್ಪಚ್ಚಿಯಾಗಿದ್ದವು. ಮೂತಿಗೆ ಸೇವಂತಿಗೆ ಹಾರ, ಬಾನೆಟ್ ಎತ್ತಿ ಎಂಜಿನ್‌ಗೂ ಇಟ್ಟ ಕುಂಕುಮ. ‘ನಾವು ಕೂರೋ ಹೊತ್ತಿಗೆ ಏಸಿ ತಣ್ಣಗಿರುತ್ತೆ ನೋಡಿ’ ಎನ್ನುತ್ತಾ ಯಜಮಾನರು ಕೀಯಲ್ಲಿ ಲಾಕ್ ಒತ್ತಿ, ಬೆನ್ನಿಗೇ ಸ್ಟಾರ್ಟ್ ಗುಂಡಿ ಅದುಮಿ ಹಿಡಿದರು. ಗಾಡಿ ಮಿಸುಕಲಿಲ್ಲ. ನೆಂಟರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪೂಜೆ ಮುಗಿದ ಗಳಿಗೆಯಲ್ಲೇ ಹೀಗಾಯಿತಲ್ಲ ಎಂದು ಅಜ್ಜಿಯೊಬ್ಬರು ಗೊಣಗಿದರು. ಮಾಗಡಿಯಿಂದ ಮೇಸ್ತ್ರಿಯನ್ನು ಕರೆಸಬೇಕಾಯಿತು.

ಮೇಸ್ತ್ರಿ ಗ್ಯಾರೇಜು ಸೇರಿದ್ದು 1984ರಲ್ಲಿ, ಸ್ಪ್ಯಾನರ್ ಎತ್ತಿಕೊಡುವ ಹುಡುಗನಾಗಿ. ಆಗ ಬರುತ್ತಿದ್ದದ್ದೆಲ್ಲ ಅಂಬಾಸಡರ್, ಪ್ರೀಮಿಯರ್ ಪದ್ಮಿನಿಗಳೇ. ಮಾಗಿ ಚಳಿಯಲ್ಲಿ ಬ್ಯಾಟರಿ ಕೈಕೊಟ್ಟರೆ ಅಂಬಾಸಡರ್‌ನ ಮುಂದೆ ಕಬ್ಬಿಣದ ಹ್ಯಾಂಡಲ್ ತೂರಿಸಿ ತಿರುಗಿಸಬೇಕು. ಹುಡುಗ ಕಲಿತ ಮೊದಲ ಪಾಠ ಹೆಬ್ಬೆರಳಿನದು. ಅದನ್ನು ಮಿಕ್ಕ ನಾಲ್ಕು ಬೆರಳುಗಳ ಸಾಲಿನಲ್ಲೇ ಇಟ್ಟುಕೊಳ್ಳಬೇಕು. ಹ್ಯಾಂಡಲ್ ಸುತ್ತ ಹೊಸೆದು ಹಿಡಿದರೆ, ಎಂಜಿನ್ ಹಿಮ್ಮುಖವಾಗಿ ಒದ್ದಾಗ ಮೂಳೆ ಮುರಿಯುತ್ತದೆ. ಈ ಒದೆಯ ಕಾಟ ತಪ್ಪಿಸಲೆಂದೇ ಅಮೆರಿಕದ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ಎಲೆಕ್ಟ್ರಿಕ್ ಸ್ಟಾರ್ಟರ್ 1912ರ ಕ್ಯಾಡಿಲಾಕ್ ಕಾರುಗಳಿಗೆ ಬಂದಿತ್ತು. ನಮ್ಮ ಕಡೆ ‘ಸೆಲ್ಫ್’ ಇದ್ದ ಗಾಡಿಗಳಲ್ಲೂ ಡಿಕ್ಕಿಯಲ್ಲೊಂದು ಹ್ಯಾಂಡಲ್ ಬಹುಕಾಲ ಉಳಿದುಕೊಂಡಿತ್ತು.

ಅಂದಿನ ಪತ್ತೆದಾರಿಕೆಗೆ ಕಿವಿ, ಮೂಗು ಸಾಕಿತ್ತು. ಸೆಲ್ಫ್ ‘ಟಕ್’ ಎಂದು ನಿಂತರೆ ಬ್ಯಾಟರಿ ಟರ್ಮಿನಲ್. ಗರಗರ ತಿರುಗಿಯೂ ಹಿಡಿಯದಿದ್ದರೆ ಪಾಯಿಂಟ್. ಡಿಸ್ಟ್ರಿಬ್ಯೂಟರ್ ಮುಚ್ಚಳ ತೆಗೆದು, ಕರಕಲಾದ ಪಾಯಿಂಟನ್ನು ಉಪ್ಪುಕಾಗದದಲ್ಲಿ ತಿಕ್ಕಿ, ಕೂದಲೆಳೆಯಷ್ಟು ಸಂದಿ ಬಿಟ್ಟು ಬಿಗಿದರೆ ಗಾಡಿ ಹೊರಡುತ್ತಿತ್ತು. ಪೆಟ್ರೋಲ್ ವಾಸನೆ ಗುಪ್ಪೆಂದು ಬಂದರೆ ಎಂಜಿನ್ ‘ಫ್ಲಡ್’ ಆಗಿದೆ, ಹತ್ತು ನಿಮಿಷ ಬಿಡಿ, ಅಷ್ಟೇ.

1983ರ ಕೊನೆಗೆ ಹುಟ್ಟಿದ ಮಾರುತಿ 800 ಕ್ರಮೇಣ ಮಾಗಡಿಯ ಬೀದಿಗಳನ್ನೂ ತುಂಬಿತು. 2000ದ ಸುಮಾರಿಗೆ ಕಾರ್ಬುರೇಟರ್ ಜಾಗಕ್ಕೆ ಇಂಜೆಕ್ಷನ್ ಬಂತು, ಜೊತೆಗೆ ಎಂಜಿನ್ ನಡೆಸುವ ಕಂಪ್ಯೂಟರ್, ‘ಇಸಿಎಂ’ ಎಂಬ ಮುಚ್ಚಿದ ಡಬ್ಬಿ. ಅದೇ ಹೊತ್ತಿಗೆ ಬಿಡದಿಯ ಟೊಯೊಟಾ ಕಾರ್ಖಾನೆಯಿಂದ ಕ್ವಾಲಿಸ್‌ಗಳು ಹೊರಬೀಳತೊಡಗಿದವು. 2007ರಲ್ಲಿ ಅಲ್ಲೇ ಟೊಯೊಟಾ ತಾಂತ್ರಿಕ ತರಬೇತಿ ಸಂಸ್ಥೆ ಶುರುವಾಗಿ, ಹತ್ತನೇ ತರಗತಿ ಮುಗಿಸಿದ ಹಳ್ಳಿ ಹುಡುಗರು ಸಮವಸ್ತ್ರ ತೊಟ್ಟು ಕಲಿಯತೊಡಗಿದರು. ಮೇಸ್ತ್ರಿ ಮಾತ್ರ ಸ್ಕ್ಯಾನರ್ ಕೊಂಡು, ಅದು ತೋರಿಸುವ ಅಂಕಿಗಳನ್ನು ಮಗನ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಕಲಿತರು.

2019ರಲ್ಲಿ ಹ್ಯುಂಡೈ ವೆನ್ಯೂ, ಎಂಜಿ ಹೆಕ್ಟರ್, ಕಿಯಾ ಸೆಲ್ಟೋಸ್ ಬಂದ ಮೇಲೆ ಮೊಬೈಲಿನ ಆ್ಯಪ್ ಒತ್ತಿ ಗಾಡಿ ಸ್ಟಾರ್ಟ್ ಮಾಡುವ ಮಾತು ಇಲ್ಲೂ ಕೇಳಿಬಂತು. ಹಿಮ ಬೀಳುವ ದೇಶಗಳಲ್ಲಿ ಗಾಡಿ ಬೆಚ್ಚಗಾಗಲಿ ಎಂದು ಬಳಸುವ ಸೌಕರ್ಯ, ಬಂಡೆ ಕಾದು ಕೆಂಡವಾಗುವ ಸಾವನದುರ್ಗದಲ್ಲಿ ತಣ್ಣಗಾಗಲಿ ಎಂದು ಬೇಕಾಯಿತು. ಆ್ಯಪ್ ಒತ್ತಿದರೆ ಕಾರಿನೊಳಗಿನ ಸಿಮ್‌ಗೆ ಸಂದೇಶ ಹೋಗಬೇಕು. ಗುಡ್ಡದ ಮರೆಯಲ್ಲಿ ಸಿಗ್ನಲ್ ಸಿಗದಿದ್ದರೆ ಅದು ತಲುಪುವುದೇ ಇಲ್ಲ. ಕೀ ಆದರೆ ನೇರವಾಗಿ ಕಾರಿನೊಡನೆ ಮಾತಾಡುತ್ತದೆ. ಅದರೊಳಗಿನ ನಾಣ್ಯದಂಥ ಮೂರು ವೋಲ್ಟ್ ಸೆಲ್ ಸೊರಗಿದರೆ ಗಡಿಯಾರದ ಅಂಗಡಿಯಲ್ಲೇ ಬದಲಿ ಸಿಗುತ್ತದೆ.

ಅಂದು ಮೇಸ್ತ್ರಿ ಬಂದವರೇ ಬ್ಯಾಗ್ ಬಿಚ್ಚಲಿಲ್ಲ. ಒಳಗೆ ಕೂತು ಬ್ರೇಕ್ ಒತ್ತಿ ಗುಂಡಿ ಅದುಮಿದರು. ಎಂಜಿನ್ ತಕ್ಷಣ ಹಿಡಿಯಿತು. ಅಲ್ಲಿಗೆ ಬ್ಯಾಟರಿ, ಸ್ಟಾರ್ಟರ್, ಪೆಟ್ರೋಲ್ ಮೂರೂ ಸರಿ.

‘ಗಾಡಿಗೆ ಆಗ್ತಿಲ್ಲ ಅಂತಲ್ಲ ಸಾರ್, ಒಲ್ಲೆ ಅಂತಿದೆ. ಯಾಕೆ ಅಂತ ಹುಡುಕ್ಬೇಕು’ ಎಂದರು.

ಒಳಗೆ ಯಾರೂ ಇಲ್ಲದಾಗ ಎಂಜಿನ್ ಓಡಬೇಕಾದ್ದರಿಂದ ಕಂಪ್ಯೂಟರ್ ಮೊದಲು ಎಲ್ಲವನ್ನೂ ಪರೀಕ್ಷಿಸುತ್ತದೆ. ಗೇರ್ ‘ಪಿ’ಯಲ್ಲಿತ್ತು. ಹಜಾರ್ಡ್ ದೀಪ ಆರಿತ್ತು. ಬ್ರೇಕ್ ದೀಪ ಹಾಗೇ ಉರಿಯುತ್ತಿದೆಯೇ ಎಂದು ಅಲ್ಲಿದ್ದ ಹುಡುಗನೊಬ್ಬ ಹಿಂದೆ ಹೋಗಿ ನೋಡಿದ, ಇಲ್ಲ. ‘ಇನ್ನೊಂದು ಕೀ ಎಲ್ಲಿ ಅಕ್ಕಾ?’ ಎಂದರೆ ಯಜಮಾನರ ಹೆಂಡತಿ ನಾಲಿಗೆ ಕಚ್ಚಿಕೊಂಡರು: ಹಿಂದಿನ ಸೀಟಿನ ವ್ಯಾನಿಟಿ ಬ್ಯಾಗಿನಲ್ಲಿತ್ತು. ಅದನ್ನು ಹೊರಗಿಟ್ಟು ಒತ್ತಿದರೂ ಗಾಡಿ ಮಿಸುಕಲಿಲ್ಲ.

ಮೇಸ್ತ್ರಿ ಮತ್ತೆ ಒಳಗೆ ಬಗ್ಗಿ ಮೀಟರ್ ಬೋರ್ಡ್ ನೋಡಿದರು. ಬಾನೆಟ್ ಬಾಯಿ ತೆರೆದ ಪುಟ್ಟ ಚಿತ್ರ ಅಲ್ಲಿ ಉರಿಯುತ್ತಿತ್ತು. ಪೂಜೆಯ ಸಡಗರದಲ್ಲಿ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಬಾನೆಟ್ ಎತ್ತಿದರೆ ಕೊಂಡಿಯ ಬಾಯಲ್ಲಿ ಹಾರದ ದಾರ, ಎರಡು ಸೇವಂತಿಗೆ ಎಸಳು. ಹೊಸ ಗಾಡಿಗೆ ಪೆಟ್ಟಾದೀತೆಂದು ಮೆಲ್ಲಗೆ ಮುಚ್ಚಿದ್ದರು. ಕೊಂಡಿ ಅರ್ಧ ಮಾತ್ರ ಕೂತಿತ್ತು. ಅದರ ಪಕ್ಕದ ಕಿರುಬೆರಳಿನಷ್ಟು ಸ್ವಿಚ್ಚು ‘ಬಾನೆಟ್ ತೆಗೆದಿದೆ’ ಎಂದು ಕಂಪ್ಯೂಟರಿಗೆ ಹೇಳುತ್ತಲೇ ಇತ್ತು. ಬಾನೆಟ್ ಎತ್ತಿ ಕೈಯಿಟ್ಟವರ ಎದುರು ಎಂಜಿನ್ ತಾನಾಗಿ ತಿರುಗಿದರೆ ಬೆರಳು ಹೋಗುತ್ತದೆ. ಹಾಗಾಗಿ ಗಾಡಿ ಒಲ್ಲೆ ಎಂದಿತ್ತು.

‘ಹೀಗೇ ಮಾಗಡಿ ರಸ್ತೆಗೆ ಬಿಟ್ಟಿದ್ರೆ ಗಾಳಿಗೆ ಎದ್ದು ಗಾಜಿಗೆ ಬಡೀತಿತ್ತು’ ಎಂದು ಗದರಿ, ಮೇಸ್ತ್ರಿ ದಾರ ಎಳೆದು ಬಾನೆಟ್ಟನ್ನು ಒಂದು ಗೇಣು ಮೇಲಿನಿಂದ ಬಿಟ್ಟರು. ‘ಧಪ್.’ ಎಲ್ಲ ಬಾಗಿಲು ಮುಚ್ಚಿ ಕೀ ಒತ್ತಿದರೆ, ಖಾಲಿ ಕಾರು ತಾನಾಗಿ ಗುರ್ರೆಂದಿತು. ಅಜ್ಜಿ ಎರಡು ಹೆಜ್ಜೆ ಹಿಂದೆ ಸರಿದು ಕೈಮುಗಿದರು.

ಎಲ್ಲರೂ ಎಳನೀರು ಕುಡಿಯುತ್ತಾ ನಿಂತರು. ಮೇಸ್ತ್ರಿ ಸ್ಕೂಟರ್ ಹತ್ತಿ ಕಿಕ್ ಹೊಡೆಯುವಷ್ಟರಲ್ಲಿ ಯಜಮಾನರು ಓಡಿಬಂದರು.

‘ಮೇಸ್ತ್ರಿ, ಮತ್ತೆ ಆಫ್ ಆಗೋಯ್ತು!’

‘ಹತ್ತು ನಿಮಿಷ ಆಗಿರ್ಬೇಕು ಸಾರ್. ಯಾರೂ ಹತ್ತದಿದ್ರೆ ಅದೇ ಆಫ್ ಆಗುತ್ತೆ. ಹೋಗಿ ಹತ್ತಿ.’