ಬಟ್ಟಲಿಗೊಂದು ಹೊರದಾರಿ

ಸಮುದ್ರದ ಮೀನು ಸಾಕುವ ತೊಟ್ಟಿಗಳಲ್ಲಿ ಪ್ರೋಟೀನ್ ಸ್ಕಿಮ್ಮರಿನ ಬಟ್ಟಲು ತುಂಬುವುದಕ್ಕೆ ಹೊತ್ತುಗೊತ್ತಿಲ್ಲ. ಬೆಳಿಗ್ಗೆ ನೋಡುವಷ್ಟರಲ್ಲಿ ಕಂದು ನೀರು ಅಂಚು ಮೀರಿ ತೊಟ್ಟಿಗೇ ಇಳಿದಿರುತ್ತದೆ. ರಾತ್ರಿಯಿಡೀ ಬೇರ್ಪಡಿಸಿದ ಕೊಳೆ ಮತ್ತೆ ಮೀನಿನ ಪಾಲಾಗುತ್ತದೆ. ಬಟ್ಟಲಿಗೆ ತೂತು ಕೊರೆದು ಪೈಪು ಜೋಡಿಸಿದರೆ ಈ ಕಾಟ ತಪ್ಪುತ್ತದೆ.

ಸ್ಕಿಮ್ಮರಿನ ಕೆಲಸ ಸರಳ. ಉಪ್ಪುನೀರಿನೊಳಗೆ ಸಣ್ಣ ಸಣ್ಣ ಗುಳ್ಳೆ ಎಬ್ಬಿಸಿದರೆ ಮೀನಿನ ಲೋಳೆ, ಉಳಿದ ಆಹಾರದ ಪ್ರೋಟೀನು ಗುಳ್ಳೆಯ ಮೈಗೆ ಅಂಟಿ, ನೊರೆಯಾಗಿ ಕೊಳವೆಯ ಕತ್ತಿನಲ್ಲಿ ಏರಿ ಬಟ್ಟಲು ಸೇರುತ್ತವೆ. ಸಿಹಿನೀರಿನಲ್ಲಿ ಗುಳ್ಳೆಗಳು ಬೇಗ ಒಂದರೊಳಗೊಂದು ಕೂಡಿ ದೊಡ್ಡವಾಗುತ್ತವೆ. ಉಪ್ಪು ಅದನ್ನು ತಡೆಯುತ್ತದೆ. ಆಲೆಮನೆಯಲ್ಲಿ ಕುದಿಯುವ ಕಬ್ಬಿನ ಹಾಲಿನ ಮಡ್ಡಿ ಎತ್ತಿದವರಿಗೆ ಇದರ ಮರ್ಮ ಗೊತ್ತು: ಕೊಳೆ ಮೇಲೆ ಬಂದರೆ ಸಾಲದು, ಕೊಪ್ಪರಿಗೆಯಿಂದ ಆಚೆ ಹೋಗಬೇಕು.

ಆಚೆ ಹೋಗದಿದ್ದರೆ ಏನಾಗುತ್ತದೆಂಬುದನ್ನು ಬೆಂಗಳೂರು ಕಣ್ಣಾರೆ ಕಂಡಿದೆ. ಬೆಳ್ಳಂದೂರು ಕೆರೆಗೆ ಮನೆಮನೆಯ ಡಿಟರ್ಜೆಂಟು ಕೊಳಚೆಯೊಂದಿಗೆ ಹರಿದು ಬಂತು. ಕೋಡಿಯಲ್ಲಿ ನೀರು ಧುಮುಕಿದಾಗ ಗಾಳಿ ಬೆರೆತು ಆಳೆತ್ತರದ ನೊರೆ ಎದ್ದು ರಸ್ತೆಗೆ ಹಾರಿತು. 2015ರಲ್ಲಿ ನೊರೆಗೆ ಬೆಂಕಿಯೂ ಹತ್ತಿತು. ನಡೆದದ್ದು ಸ್ಕಿಮ್ಮರಿನದೇ ಕ್ರಿಯೆ, ಆದರೆ ನೊರೆ ಹಿಡಿಯಲು ಬಟ್ಟಲಿರಲಿಲ್ಲ. ಜಾಲರಿ ಕಟ್ಟಿದರು, ನೀರು ಚಿಮುಕಿಸಿದರು. ಒಡೆದ ನೊರೆ ನೀರಿಗೇ ಬಿದ್ದು ವರ್ತೂರು ಕೆರೆಯ ಕಡೆಗೆ, ಅಲ್ಲಿಂದ ದಕ್ಷಿಣ ಪಿನಾಕಿನಿ ನದಿಗೆ ಹರಿಯಿತು. ನೊರೆಯನ್ನು ಒಡೆಯುವುದು ಶುದ್ಧೀಕರಣವಲ್ಲ. ಒಂದು ಊರಿನ ಕೆರೆಗೂ ಮನೆಯ ತೊಟ್ಟಿಗೂ ಈ ಮಾತು ಒಂದೇ.

ತೊಟ್ಟಿಯ ಬಟ್ಟಲಿನಿಂದ ಕೊಳೆಯನ್ನು ಆಚೆ ಸಾಗಿಸುವುದು ಸುಲಭ. ತೂತು ಬಟ್ಟಲಿನ ತಳಕ್ಕೆ ಆದಷ್ಟು ಹತ್ತಿರವಿರಬೇಕು, ನಡುವಿನ ಕತ್ತಿಗೆ ತಾಗಬಾರದು. ಬಟ್ಟಲಿನ ಅಕ್ರಿಲಿಕ್ ಬೇಗ ಬಿರುಕು ಬಿಡುವ ವಸ್ತು. ಅದರ ಮೇಲೆ ಟೇಪು ಅಂಟಿಸಿ, ಡ್ರಿಲ್ಲನ್ನು ನಿಧಾನವಾಗಿ, ಒತ್ತದೆ ತಿರುಗಿಸಬೇಕು. ಸುತ್ತಲೂ ಎಂಐಡಿಸಿ ಕೈಗಾರಿಕಾ ವಲಯದ ಕಾರ್ಖಾನೆಗಳಿರುವ ನವಿ ಮುಂಬಯಿಯ ರಬಾಳೆಯಲ್ಲಿ ಇಂಥ ಕೆಲಸ ಬಲ್ಲ ಕೈಗಳಿಗೆ ಬರವಿಲ್ಲ. ತೂತಿಗೆ ರಬ್ಬರ್ ವಾಷರಿನ ಜೊತೆ ನಿಪ್ಪಲ್ ಕೂರಿಸಿ, ಪೈಪನ್ನು ಕೆಳಗಿನ ಕ್ಯಾನಿಗೆ ಇಳಿಬಿಡುತ್ತಾರೆ. ಪೈಪು ಎಲ್ಲಿಯೂ ಮೇಲಕ್ಕೆ ಬಾಗಬಾರದು. ಬಾಗಿದಲ್ಲಿ ಗಸಿ ಕೂತು ದಾರಿ ಮುಚ್ಚುತ್ತದೆ. ತೀರ ಸಪೂರ ಪೈಪೂ ಬೇಡ.

ಕ್ಯಾನಿನ ಮುಚ್ಚಳದಲ್ಲಿ ಗಾಳಿಯಾಡಲು ರಂಧ್ರವಿರಬೇಕು. ಅದರ ಮೇಲೆ ಇದ್ದಿಲಿನ ಪುಡಿಕೆ ಇಟ್ಟರೆ ನಾತ ತಗ್ಗುತ್ತದೆ. ಇವೆಲ್ಲಕ್ಕಿಂತ ಮುಖ್ಯವಾದುದು ಫ್ಲೋಟ್ ಸ್ವಿಚ್. ಸ್ಕಿಮ್ಮರ್ ಒಮ್ಮೊಮ್ಮೆ ಹುಚ್ಚೆದ್ದು ನೊರೆಯ ಬದಲು ನೀರನ್ನೇ ಉಗುಳುತ್ತದೆ. ಕ್ಯಾನು ತುಂಬಿದೊಡನೆ ಪಂಪು ನಿಲ್ಲುವ ಏರ್ಪಾಡಿಲ್ಲದಿದ್ದರೆ ತೊಟ್ಟಿಯ ಉಪ್ಪುನೀರು ನೆಲದ ಮೇಲಿರುತ್ತದೆ. ಪೈಪು ಬಂತೆಂದು ಕತ್ತಿನ ಜಿಡ್ಡು ಒರೆಸುವುದನ್ನು ಬಿಡುವಂತಿಲ್ಲ. ಜಿಡ್ಡು ಕೂತರೆ ನೊರೆ ಏರುವುದಿಲ್ಲ.

ಕ್ಯಾನಿನ ನೀರನ್ನು ರಬಾಳೆಯಲ್ಲಿ ಮಳೆನೀರಿನ ಗಟಾರಕ್ಕೆ ಚೆಲ್ಲಬಾರದು. ಆ ಗಟಾರಗಳ ನೀರು ಠಾಣೆ ಖಾರಿಯ ಕಡೆಗೇ ಹರಿಯುತ್ತದೆ. ಖಾರಿಯ ಒಂದು ಭಾಗ 2015ರಿಂದ ಫ್ಲೆಮಿಂಗೊ ಅಭಯಾರಣ್ಯ, 2022ರಿಂದ ರಾಮ್ಸಾರ್ ತಾಣ. ದೂರದ ಹವಳದಿಬ್ಬಗಳಿಂದ ತಂದ ಜೀವಿಗಳ ತೊಟ್ಟಿಯಲ್ಲಿ ಯಾವ ರೋಗಾಣುವಿದೆಯೋ ಹೇಳಲಾಗದು. ದಯವಿಟ್ಟು ಕ್ಯಾನಿನ ನೀರನ್ನು ಶೌಚಾಲಯಕ್ಕೇ ಸುರಿಯಿರಿ.